ರಾತ್ರಿಯ ಸಾಲು

ಮಸಿ ಹಿಡಿಸಿದ ಗಾಜಿನ ವಾಸನೆ. ಸೀಮೆಎಣ್ಣೆಯ ಹೊಗೆ, ಅದರ ಹಿಂದೆ ಕಾದ ಗಾಜಿನ ಒಂದು ಒಣ ವಾಸನೆ. ಬೀಳಗಿಯ ಕಡೆ ಹೊರಟ ಬಸ್ಸಿನಲ್ಲಿ ಅದು ಎಲ್ಲಿಂದ ಬಂತೋ ಕಸ್ತೂರೆವ್ವನಿಗೆ ತಿಳಿಯಲಿಲ್ಲ. ಅವಳ ಚಿಕ್ಕಂದಿನ ರಬಕವಿಯ ಮನೆಯ ಅಂಗಳದಲ್ಲಿ ಅಪ್ಪ ಕುಕ್ಕರಗಾಲಲ್ಲಿ ಕೂತು ಚಿಮಣಿಯ ಉರಿಯ ಮೇಲೆ ಒಡೆದ ಕಿಟಕಿ ಗಾಜಿನ ತುಂಡೊಂದನ್ನು ಆಡಿಸುತ್ತಿದ್ದ. ಓಣಿಯೆಲ್ಲ ಬಾಗಿಲು ಹಾಕಿಕೊಂಡಿತ್ತು, ಮಗ್ಗಗಳ ಸದ್ದು ನಿಂತಿತ್ತು, ಒಳಗಿನಿಂದ ಅಜ್ಜಿ ಗ್ರಹಣ ಬಿಡುವ ತನಕ ಹುಡುಗಿಯನ್ನು ಹೊರಗೆ ಬಿಡಬೇಡವೆಂದು ಬೈಯುತ್ತಿದ್ದಳು. ನೂಲಿನ ವ್ಯಾಪಾರದ ಶಿವಯೋಗೆಪ್ಪ, ತನ್ನ ಅಪ್ಪ, ಯಾರಿಗೂ ಎದುರು ಮಾತಾಡದ ಮನುಷ್ಯ, ಅಂದು ತಾಯಿಯ ಮಾತಿಗೆ ಕಿವುಡನಾಗಿದ್ದ. ಗಾಜು ಕಪ್ಪಾದ ಮೇಲೆ ಅಂಚನ್ನು ಧೋತರದಿಂದ ಒರೆಸಿ, ಬಿಸಿ ಆರಿದೆಯೇ ಎಂದು ತನ್ನ ಕೆನ್ನೆಗೆ ಮುಟ್ಟಿಸಿ ನೋಡಿ, ತಾನು ನೋಡುವ ಮೊದಲು ಅವಳ ಕೈಗೆ ಕೊಟ್ಟ. ಅದರೊಳಗೆ ಸೂರ್ಯ ಯಾರೋ ಕಚ್ಚಿಟ್ಟ ರೊಟ್ಟಿಯ ಹಾಗೆ ಇದ್ದ. ಅರವತ್ತಾರರ ವಯಸ್ಸಿನಲ್ಲಿ ನೆನೆದರೆ ಅವಳಿಗೆ ಸೂರ್ಯನಿಗಿಂತ ಹೆಚ್ಚಾಗಿ ಆ ಕೆನ್ನೆ ಕಾಣುತ್ತದೆ. ಕೆನ್ನೆಯ ಮೇಲೆ ಉಳಿದಿದ್ದ ಮಸಿಯ ಗೆರೆ.

ತೊಡೆಯ ಮೇಲಿನ ಚೀಲದಲ್ಲಿ ಅಚ್ಚಿನ ಕರಡು ಇತ್ತು. ನಲವತ್ತೆಂಟು ಪುಟ, ಮೇಲೆ ಹಳದಿ ರಕ್ಷಾಪುಟ, ಅದರ ಮೇಲೆ ದಪ್ಪ ಅಕ್ಷರದಲ್ಲಿ ‘ಸೂರ್ಯನೇ ಕಾರಣ’, ಕೆಳಗೆ ಅವಳ ಹೆಸರು. ಭಾನುವಾರ ಜಮಖಂಡಿಯಲ್ಲಿ ಹಳೆಯ ವಿದ್ಯಾರ್ಥಿಗಳು ಸೇರಿ ಅದನ್ನು ಬಿಡುಗಡೆ ಮಾಡುವವರಿದ್ದರು. ಇಪ್ಪತ್ತೆರಡು ವರ್ಷ ಸೂರ್ಯನ ಕಲೆಗಳನ್ನು ಎಣಿಸಿದ ವಿಜ್ಞಾನದ ಅಕ್ಕೋರಿಗೆ ಇಷ್ಟಾದರೂ ಮಾಡಬೇಡವೇ ಎಂದು ಅವರು ಅಂದಾಗ ಅವಳು ನಾಚಿ, ಬೇಡವೆಂದು, ಕೊನೆಗೆ ಒಳಗೊಳಗೇ ಹಿಗ್ಗಿ ಒಪ್ಪಿಕೊಂಡಿದ್ದಳು. ಇವತ್ತು ಸಂಜೆಯೊಳಗೆ ಕರಡು ತಿದ್ದಿ ಮಹಾಲಿಂಗನ ಛಾಪಖಾನೆಗೆ ಮುಟ್ಟಿಸಬೇಕು. ತಿದ್ದಿದರೆ ಪುಸ್ತಕದ ಹೆಸರೇ ಉಳಿಯುವುದಿಲ್ಲ. ತಿದ್ದದಿದ್ದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಮೂರು ದಿನದಿಂದ ಈ ಎರಡನೆಯದು ಅವಳ ಜೊತೆ ಉಂಡು, ಅವಳ ಜೊತೆ ಮಲಗಿ ಏಳುತ್ತಿತ್ತು.

ಪಕ್ಕದಲ್ಲಿ ಕೂತ ಹೆಂಗಸು ಕಿಟಕಿಯ ಪರದೆಯನ್ನು ತನ್ನ ಕಡೆ ಬಿಸಿಲು ಬಂದರೂ ಪರವಾಗಿಲ್ಲವೆಂಬಂತೆ ಕಸ್ತೂರೆವ್ವನ ಕಡೆಗೆ ಎಳೆದಳು. ಹೆಸರು ಕೇಳಲಿಲ್ಲ, ಊರು ಕೇಳಲಿಲ್ಲ. ಇಂಥವರು ಎಷ್ಟು ಜನ ಬಂದು ಹೋದರು ತನ್ನ ಬದುಕಿನಲ್ಲಿ, ಬಿಸಿಲನ್ನು ಸ್ವಲ್ಪ ತಮ್ಮ ಕಡೆ ಎಳೆದುಕೊಂಡವರು. ಶಾಲೆಯ ಜವಾನ ಗಿರಿಮಲ್ಲಪ್ಪ ದುರ್ಬೀನಿನ ಮುಕ್ಕಾಲಿಯನ್ನು ಮಾಳಿಗೆಗೆ ಹೊತ್ತು ತಂದು, ಬಿಳಿ ಕಾಗದದ ಮೇಲೆ ಸೂರ್ಯನ ಬಿಂಬ ಬಿದ್ದಾಗ ಅವಳ ತಲೆಯ ಮೇಲೆ ಹಾಜರಿ ಪುಸ್ತಕ ಹಿಡಿದು ನಿಲ್ಲುತ್ತಿದ್ದ. ಕೈ ನೋಯುತ್ತದೆಯೇ ಎಂದು ಅವಳು ಒಮ್ಮೆಯೂ ಕೇಳಿದ ನೆನಪಿಲ್ಲ. ಅವಳ ಕಣ್ಣೆಲ್ಲ ಕಾಗದದ ಮೇಲೆ. ಹತ್ತು ಪೈಸೆಯ ನಾಣ್ಯದಷ್ಟು ಬೆಳಕು, ಅದರಲ್ಲಿ ಮೂರು ಚುಕ್ಕಿ, ಏಳು ಚುಕ್ಕಿ. ಎರಡು ಸಾವಿರದ ಇಸವಿಯ ಸುತ್ತ ಒಂದೊಂದು ದಿನ ಎಣಿಸಿ ಮುಗಿಯದಷ್ಟು. ಆ ಬೇಸಿಗೆಗಳಲ್ಲಿ ಊರು ಕಾದ ಹಂಚಾಗಿತ್ತು, ಅವಳು ಎರಡನ್ನೂ ಕೂಡಿಸಿದಳು. ಭೂಮಿಯ ಬಿಸಿ ಮನುಷ್ಯನ ಹೊಗೆಯಿಂದಲ್ಲ, ಸೂರ್ಯನ ಏರಿಳಿತದಿಂದ, ನಿಸರ್ಗದ ಲೆಕ್ಕ ನಿಸರ್ಗಕ್ಕೇ ಗೊತ್ತು ಎಂದು ಬರೆದಳು, ಭಾಷಣ ಮಾಡಿದಳು. ಅದರಲ್ಲಿ ಒಂದು ಸಮಾಧಾನವೂ ಇತ್ತು. ಯಾರ ತಪ್ಪೂ ಅಲ್ಲದ ಬಿಸಿಲು.

ಆಮೇಲೆ ಚುಕ್ಕಿಗಳು ಕಡಿಮೆಯಾದವು. ಎರಡು ಸಾವಿರದ ಎಂಟು, ಒಂಬತ್ತರಲ್ಲಿ ವಾರಗಟ್ಟಲೆ ಸೊನ್ನೆ. ಅವಳು ತನ್ನ ಕಣ್ಣಿಗೆ ಪೊರೆ ಬಂದಿದೆ ಅಂದುಕೊಂಡಳು, ಅದು ಖರೆಯೂ ಆಗಿತ್ತು, ಆಪರೇಶನ್ ಆಯಿತು. ಹಸಿರು ಪಟ್ಟಿ ಬಿಚ್ಚಿದ ಮೇಲೆ ನರ್ಸ್ ತೋರಿಸಿದ ಬೆರಳುಗಳನ್ನು ಎಣಿಸಿದಳು, ಗೋಡೆಯ ಮೇಲಿನ ಇರುವೆಯನ್ನು ನೋಡಿದಳು, ಮನೆಗೆ ಬಂದು ದುರ್ಬೀನು ಹೂಡಿದರೆ ಸೂರ್ಯ ತೊಳೆದಿಟ್ಟ ಪರಾತದ ಹಾಗೆ ಸ್ವಚ್ಛ. ಒಂದು ಕಲೆ ಇಲ್ಲ. ವೈದ್ಯರ ಬಳಿ ಹೋಗಿ ಇನ್ನೂ ಸರಿಯಾಗಿಲ್ಲವೆಂದು ಜಗಳಕ್ಕೆ ನಿಂತಳು. ಆ ಹುಡುಗ ವೈದ್ಯ ನಗದೆ, ಬೇಜಾರು ಮಾಡಿಕೊಳ್ಳದೆ, ಮತ್ತೊಮ್ಮೆ ಪರೀಕ್ಷೆ ಮಾಡಿ, ಕಣ್ಣು ಛಲೋ ಅದಾವ್ರಿ, ಅಲ್ಲಿ ಏನೂ ಇಲ್ಲೇನೋ ನೋಡ್ರಿ ಅಂದ. ಅಲ್ಲಿ ಏನೂ ಇರಲಿಲ್ಲ. ಸೂರ್ಯ ತಣ್ಣಗೆ ಕೂತಿದ್ದ, ಊರು ಮಾತ್ರ ಬೆವರುತ್ತಿತ್ತು. ಆ ಎರಡು ವರ್ಷದ ಸೊನ್ನೆಗಳನ್ನು ಅವಳು ಪುಸ್ತಕದಲ್ಲಿ ಚಿಕ್ಕ ಅಕ್ಷರದಲ್ಲಿ ಹಾಕಿಸಿದ್ದಳು. ಆಕಾಶದಾಚೆಯಿಂದ ಮೂವತ್ತು ವರ್ಷ ಸೂರ್ಯನ ಶಾಖ ಅಳೆದವರು ಅದು ಏರಿಲ್ಲ ಎಂದು ಹೇಳಿದ ಪತ್ರಿಕೆಯ ತುಣುಕನ್ನು ಕತ್ತರಿಸಿ ಇಟ್ಟುಕೊಂಡಿದ್ದಳು, ಟ್ರಂಕಿನ ತಳದಲ್ಲಿ, ಗಂಡನ ಕಾಗದಗಳ ಕೆಳಗೆ.

ಅಷ್ಟಾದರೂ ಅವಳು ತಿದ್ದುತ್ತಿರಲಿಲ್ಲವೇನೋ. ಮೂರು ದಿನದ ಹಿಂದೆ ಮಹಾಲಿಂಗ ಫೋನು ಮಾಡಿ, ಶಾಲೆಯ ರಜಿಸ್ಟರಿನಿಂದಲೇ ಇಳಿಸಿದ ಉಷ್ಣಮಾಪಕದ ಕೋಷ್ಟಕ ಪುಟಕ್ಕೆ ಹಿಡಿಸುತ್ತಿಲ್ಲ, ಎಡಗಡೆಯ ಒಂದು ಸಾಲು ತೆಗೆದುಬಿಡಲೇ ಎಂದು ಕೇಳಿದ. ಯಾವ ಸಾಲು ಅಂದಳು. ರಾತ್ರೀದ್ರಿ, ಕನ್ನಡ ಅಂಕಿಯೊಳಗ ಐತಿ ನೋಡ್ರಿ ಅಂದ. ಅವಳಿಗೆ ಅಂಥ ಸಾಲೊಂದು ಇರುವುದೇ ಮರೆತುಹೋಗಿತ್ತು. ಶಾಲೆಯ ಪಡಸಾಲೆಯ ಉಷ್ಣಮಾಪಕಕ್ಕೆ ಎರಡು ತೋಳು. ಒಂದರಲ್ಲಿ ಹಗಲಿನ ಅತಿ ಹೆಚ್ಚು, ಇನ್ನೊಂದರಲ್ಲಿ ರಾತ್ರಿಯ ಅತಿ ಕಡಿಮೆ, ಪಾದರಸ ನೂಕಿದ ಕಬ್ಬಿಣದ ಸಣ್ಣ ಕಡ್ಡಿ ಅಲ್ಲೇ ನಿಂತು ಗುರುತು ಹೇಳುತ್ತದೆ, ಓದಿಕೊಂಡು ಅಯಸ್ಕಾಂತದಿಂದ ಕೆಳಗೆ ಎಳೆಯಬೇಕು. ಮಧ್ಯಾಹ್ನ ಮೂರಕ್ಕೆ ಅವಳು ಹಗಲಿನದನ್ನು ಓದುತ್ತಿದ್ದಳು. ರಾತ್ರಿಯದನ್ನು ಎಂದೂ ನೋಡಲಿಲ್ಲ. ಸೂರ್ಯನ ಮಾತಾಡುವಾಗ ರಾತ್ರಿಯಿಂದ ಏನಾಗಬೇಕು? ನಿವೃತ್ತಿಯ ಮೇಲೆ ಗಿರಿಮಲ್ಲಪ್ಪ ಪ್ರತಿ ತಿಂಗಳ ಕೊನೆಗೆ ರಜಿಸ್ಟರನ್ನು ಸೈಕಲ್ಲಿಗೆ ಕಟ್ಟಿಕೊಂಡು ಮನೆಗೆ ತಂದಾಗಲೂ, ಹಗಲಿನದನ್ನಷ್ಟೇ ಇಳಿಸಿಕೊಂಡು, ಚಹಾ ಕುಡಿದು ಹೋಗಪಾ ಅನ್ನುತ್ತಿದ್ದಳು. ಅವನು ಹೋದ ವರ್ಷ ಮಳೆಗಾಲದಲ್ಲಿ ತೀರಿಕೊಂಡ. ಮೂರು ದಿನದ ಹಿಂದೆ ಅವಳು ರಜಿಸ್ಟರುಗಳನ್ನು ತರಿಸಿಕೊಂಡು ಮೊದಲ ಬಾರಿಗೆ ರಾತ್ರಿಯ ಸಾಲಿನ ಮೇಲೆ ಬೆರಳಿಟ್ಟಳು. ಮೊದಲ ಒಂಬತ್ತು ತಿಂಗಳು ಒಬ್ಬ ಹುಡುಗನ ಓರೆ ಅಕ್ಷರ. ಆಮೇಲೆ ಹತ್ತು ವರ್ಷ ದಪ್ಪ ದಪ್ಪ ಕನ್ನಡ ಅಂಕಿ, ಪೆನ್ಸಿಲನ್ನು ಗಟ್ಟಿಯಾಗಿ ಒತ್ತಿ ಬರೆದದ್ದು, ದೀಪಾವಳಿ ಬಿಟ್ಟಿಲ್ಲ, ಮಳೆ ಬಿಟ್ಟಿಲ್ಲ. ಎರಡು ರಾತ್ರಿ ಕೂತು ಕೂಡಿಸಿದಳು, ಭಾಗಿಸಿದಳು. ಹಗಲುಗಳು ಇದ್ದಲ್ಲೇ ಇದ್ದವು. ರಾತ್ರಿಗಳು ಒಂದು ಡಿಗ್ರಿಗಿಂತ ಸ್ವಲ್ಪ ಹೆಚ್ಚೇ ಏರಿದ್ದವು. ಸೂರ್ಯ ಸುಟ್ಟಿದ್ದರೆ ಹಗಲು ಮುಂದೆ ಓಡಬೇಕಿತ್ತು. ಹಗಲು ಬಂದ ಶಾಖ ರಾತ್ರಿ ಹೊರಗೆ ಹೋಗದೆ ಉಳಿದರೆ ಮಾತ್ರ ಹೀಗೆ. ಹೊದಿಕೆ ಹೊದ್ದವರ ಹಾಗೆ.

ಹೊದಿಕೆ ಎಂಬ ಮಾತು ಬಂದದ್ದೇ ಅವಳಿಗೆ ಒಂದು ಕಂಬಳಿಯ ಮಾತು ನೆನಪಾಗಿತ್ತು. ಈಗ ಬಸ್ಸಿನಲ್ಲಿಯೂ ಆಯಿತು, ಮೇ ತಿಂಗಳ ಹತ್ತು ಗಂಟೆಯ ಬಿಸಿಲಿನಲ್ಲಿ. ತೊಂಬತ್ತೆಂಟರ ಜೂನ್, ಹತ್ತನೇ ಇಯತ್ತೆ, ಕೊನೆಯ ಬೆಂಚು. ಧರೆಪ್ಪ ಎದ್ದು ನಿಂತಿದ್ದ, ಕುರಿ ಕಾಯುವವರ ಮನೆಯ ಹುಡುಗ, ಹಣೆಗೆ ಬೀರಪ್ಪನ ಭಂಡಾರದ ಅರಿಶಿನ, ಕೈ ಎಲ್ಲಿಡಬೇಕೆಂದು ತಿಳಿಯದೆ ಅಂಗಿಯ ತುದಿ ಹಿಡಿದುಕೊಂಡು.

“ಅಕ್ಕೋರ, ಹೊತ್ತಿನ ಕಾವ ಹೆಚ್ಚಾಗಿದ್ರ ಹಗಲ ಹೆಚ್ಚ ಸುಡಬೇಕಲ್ರಿ? ಹಗಲ ಮೊದಲಿನಂಗ ಐತ್ರಿ. ರಾತ್ರಿ ಥಂಡಿನ ಕಡಿಮಿ ಆಗೇತ್ರಿ. ನಮ್ಮಪ್ಪ ಮೊದಲ ಉಗಾದಿ ಮಟಾ ಕಂಬಳಿ ಹೊಚಗೊಂಡ ಮಲಗತಿದ್ದ. ಈಗ ಶಿವರಾತ್ರಿಗೇನ ಅದನ್ನ ಹಾಸಗೊಂಡ ಮಲಗತಾನ್ರಿ.”

“ರಾತ್ರಿ ಸೂರ್ಯ ಎಲ್ಲಿರತಾನಪಾ?” ಅವಳು ಸೀಮೆಸುಣ್ಣ ಹಿಡಿದುಕೊಂಡೇ ತಿರುಗಿದ್ದಳು. “ನಿಮ್ಮಪ್ಪನ ಕಂಬಳಿಯೊಳಗ?”

ವರ್ಗವೆಲ್ಲ ನಕ್ಕಿತು. ಅವಳೂ ನಕ್ಕಳು, ಅದು ಅವಳಿಗೆ ಸ್ಪಷ್ಟವಾಗಿ ನೆನಪಿದೆ, ತನ್ನ ಮಾತಿನ ಚುರುಕಿಗೆ ತಾನೇ ಮೆಚ್ಚಿಕೊಂಡ ನಗು. ನಗು ನಿಂತ ಮೇಲೂ ಅವನು ಕೂರಲಿಲ್ಲ. ಅದಕ್ಕೆ ಸಿಟ್ಟು ಬಂದು, ರಾತ್ರಿಯ ಮೇಲೆ ಅಷ್ಟು ಕಾಳಜಿ ಇದ್ದರೆ ನಾಳೆಯಿಂದ ನಸುಕಿನಲ್ಲಿ ಬಂದು ಎಡತೋಳಿನ ಕಡ್ಡಿ ಓದಿ ಬರಕೋ ಅಂದಿದ್ದಳು. ಶಿಕ್ಷೆ. ಅವನು ಬಂದ, ಒಂಬತ್ತು ತಿಂಗಳು. ಅವಳು ಒಮ್ಮೆಯೂ ನೋಡಲಿಲ್ಲ. ಹುಡುಗರು ಅವನನ್ನು ಕಂಬಳಿ ಎಂದು ಕರೆಯತೊಡಗಿದರು, ಮಾರ್ಚಿನಲ್ಲಿ ಪರೀಕ್ಷೆ ಬರೆದು ಪಾಸಾದ, ಮುಂದೆ ಓದಲಿಲ್ಲ. ಕುರಿಯ ಹಿಂದೆ ಹೋದನಂತೆ ಎಂದು ಯಾರೋ ಅಂದಾಗ ಅವಳು, ಪಾಪ, ಬುದ್ಧಿ ಇತ್ತು ಅಂದಿದ್ದಳು. ಪಾಪ ಎಂಬ ಆ ಮಾತು ಈಗ ತಿರುಗಿ ಬಂದು ಅವಳ ಪಕ್ಕದಲ್ಲೇ ಕೂತಿತ್ತು.

ಅವನ ಸಹಪಾಠಿಯೇ ಆದ ಮಹಾಲಿಂಗನಿಂದ ವಿಳಾಸ ಕೇಳಿದರೆ, ಅವಂಗ ಎಲ್ಲಿ ವಿಳಾಸರಿ, ಈಗ ಅನಗವಾಡಿ ಹತ್ತಿರ ಹೊಳಿ ದಂಡಿ ಹೊಲದಾಗ ಕುರಿ ಕೂಡಿಸ್ಯಾನಂತ ಅಂದಿದ್ದ. ಕಂಡಕ್ಟರನಿಗೆ ಅಷ್ಟನ್ನೇ ಹೇಳಿದಳು. ಕುರಿ ಎಲ್ಲಿ ಕಂಡರೆ ಅಲ್ಲಿ ಇಳಿಯಬೇಕಪಾ ಎಂದು ಹೇಳುವಾಗ ತನ್ನ ಮಾತು ತನಗೇ ಹುಚ್ಚಿಯ ಮಾತಿನಂತೆ ಕೇಳಿಸಿತು. ಅವನು ಟಿಕೀಟಿನ ಹಿಂದೆ ಏನೋ ಬರೆದುಕೊಂಡು ಮುಂದೆ ಹೋದ. ಬೀಳಗಿ ದಾಟಿದ ಮೇಲೆ ನೋಡಿದರೆ ಇಡೀ ಬಸ್ಸಿಗೆ ಸುದ್ದಿ ಮುಟ್ಟಿತ್ತು. ಎಡಗಡೆಯವರು ಎಡಗಡೆ, ಬಲಗಡೆಯವರು ಬಲಗಡೆ ಕುರಿ ಹುಡುಕುತ್ತಿದ್ದರು. ಅವು ಆಡ ಅದಾವು ಬಿಡ್ರಿ ಎಂದು ಒಬ್ಬ, ನಿನ್ನ ಕಣ್ಣಾಗ ಆಡ ಅದಾವು ಎಂದು ಇನ್ನೊಬ್ಬ. ಹಿನ್ನೀರು ಹೊಳೆಯುತ್ತಿತ್ತು, ಅದರಂಚಿಗೆ ಕಬ್ಬು, ಕಬ್ಬಿನಾಚೆ ಕೊಯ್ದ ಜೋಳದ ಹೊಲದಲ್ಲಿ ಕಪ್ಪು ಬಿಳಿ ಕಲೆಗಳ ಹಾಗೆ ಮಂದೆ. ಡ್ರೈವರು ನಿಲ್ದಾಣವಲ್ಲದ ಜಾಗದಲ್ಲಿ ನಿಲ್ಲಿಸಿದ. ಪರದೆ ಎಳೆದಿದ್ದ ಹೆಂಗಸು ಚೀಲ ಕೆಳಗೆ ಕೊಟ್ಟು, ಹುಷಾರ ಯವ್ವಾ ಅಂದಳು. ಬಸ್ಸು ಹೋದ ಮೇಲೂ ಕಸ್ತೂರೆವ್ವ ಅದರ ಧೂಳನ್ನೇ ನೋಡುತ್ತ ನಿಂತಳು. ಇಷ್ಟು ಜನ ಸೇರಿ ಹುಡುಕಿಕೊಟ್ಟ ಮೇಲೆ ಹಿಂದೆ ತಿರುಗುವುದು ಹೇಗೆ?

ಹೊಲದ ನಡುವೆ ನಾಲ್ಕು ಬಡಿಗೆ ನೆಟ್ಟು ಒಂದು ಕರಿಯ ಕಂಬಳಿಯನ್ನು ನೆರಳಿಗೆ ಕಟ್ಟಿದ್ದರು. ಅದರ ಕೆಳಗಿನಿಂದ ಎದ್ದು ಬಂದವನ ಮೀಸೆ ನೋಡಿ ಅವಳು ಗುರುತು ಹಿಡಿಯಲಿಲ್ಲ, ಅಂಗಿಯ ತುದಿ ಹಿಡಿದ ಕೈ ನೋಡಿ ಹಿಡಿದಳು. ಅಕ್ಕೋರ, ನೀವು ಈ ಬಿಸಲಾಗ ಎಂದು ಅವನು ಗಾಬರಿಯಾಗಿ, ಹೆಂಡತಿ ತಂಗೆವ್ವನನ್ನು ಕೂಗಿ, ತಾನೇ ಓಡಿ ತಾಮ್ರದ ಚರಿಗೆಯಲ್ಲಿ ನೀರು ತಂದ. ಅವಳು ಕುಡಿದಳು. ಕಂಬಳಿಯ ನೆರಳು ಹಂಚಿನ ಮನೆಗಿಂತ ತಂಪಾಗಿತ್ತು, ಉಣ್ಣೆಯ ವಾಸನೆ, ಕಂಬಳಿಗೆ ಹಾಕಿದ ಹುಣಸೆಬೀಜದ ಗಂಜಿಯ ವಾಸನೆ. ಕರಡು ತೆಗೆದು ಕೋಷ್ಟಕದ ಪುಟ ಬಿಚ್ಚಿ ಅವನ ಮುಂದೆ ಇಟ್ಟಳು. ಅವನು ಹಗಲಿನ ಸಾಲಿನ ಮೇಲೆ ಕಣ್ಣೇ ಹಾಯಿಸಲಿಲ್ಲ. ಎಡಗಡೆಯದರ ಮೇಲೆ ಉಗುರು ಇಟ್ಟು ಮೇಲಿನಿಂದ ಕೆಳಗೆ ಬಂದ, ಗುರುತಿನ ಓಣಿಯಲ್ಲಿ ನಡೆಯುವವನ ಹಾಗೆ.

“ಖರೇನ ಬಿಟ್ಟಿಲ್ಲ ನೋಡ್ರಿ ಕಾಕಾ,” ಅಂದ. ಕಾಕಾ ಅಂದರೆ ಗಿರಿಮಲ್ಲಪ್ಪ. ಆಮೇಲೆ ಅವನು ಹೇಳಿದ್ದನ್ನು ಅವಳು ತಲೆ ತಗ್ಗಿಸಿಕೊಂಡು ಕೇಳಿದಳು. ಶಾಲೆ ಬಿಡುವ ದಿನ ಅವನು ಅಯಸ್ಕಾಂತ ಕೊಡಲು ಹೋದಾಗ ಗಿರಿಮಲ್ಲಪ್ಪ, ಕಡ್ಡಿ ಹೆಂಗ ಎಳೀಬೇಕು ನನಗೂ ತೋರಸು, ನಿನ್ನ ಸಾಲ ಖಾಲಿ ಬಿಡಾಂಗಿಲ್ಲ ಅಂದನಂತೆ. ಪ್ರತಿ ವರ್ಷ ಯುಗಾದಿಯ ಮುಂದೆ ಮಂದೆ ತೇರದಾಳದ ಕಡೆಯಿಂದ ತಿರುಗುವಾಗ ಧರೆಪ್ಪ ಶಾಲೆಯ ಹಿತ್ತಿಲಿಗೆ ಬಂದು ಹೋಗುತ್ತಿದ್ದನಂತೆ. ಇಬ್ಬರೂ ಬೇವಿನ ಕೆಳಗೆ ಕೂತು ಆ ವರ್ಷದ ರಾತ್ರಿಗಳನ್ನು ಓದಿಕೊಳ್ಳುತ್ತಿದ್ದರಂತೆ. ಅಕ್ಕೋರಿಗೆ ತೋರಿಸೋಣವೇ ಎಂದು ಇವನು ಕೇಳಿದರೆ ಅವನು, ತಿಂಗಳಾ ತಿಂಗಳಾ ಅವರ ಮುಂದ ಇಡತೇನಿ, ನೋಡಿದಾಗ ನೋಡತಾರ, ಅವಸರ ಮಾಡಬಾರದು ಅಂದನಂತೆ. ಕಸ್ತೂರೆವ್ವನಿಗೆ ಸೈಕಲ್ಲಿನ ಸದ್ದು ಕೇಳಿಸಿತು. ಚಹಾದ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದು, ರಜಿಸ್ಟರಿನ ತೆರೆದ ಪುಟದ ಕಡೆ ನೋಡುತ್ತ ಕೂತಿರುತ್ತಿದ್ದ ಆ ಮನುಷ್ಯ. ಅವನು ಚಹಾ ಆರಲೆಂದು ಕಾಯುತ್ತಿದ್ದಾನೆಂದು ಅವಳು ತಿಳಿದಿದ್ದಳು.

“ಆವತ್ತ ನಾ ಹಂಗ ಅನಬಾರದಿತ್ತು, ಧರೆಪ್ಪ,” ಅಂದಳು. “ನೀ ಹೇಳಿದ್ದು ಖರೆ ಇತ್ತು. ನಾ ನಿನ್ನ ಮ್ಯಾಲ ಎಲ್ಲಾರನ್ನೂ ನಗಿಸಿದೆ.”

ಅವನು ತಕ್ಷಣ ಇಲ್ಲರಿ, ಬಿಡ್ರಿ ಅನ್ನಲಿಲ್ಲ. ದೂರ ಹೋಗುತ್ತಿದ್ದ ಒಂದು ಟಗರನ್ನು ನಾಲಿಗೆಯ ಸದ್ದಿನಿಂದ ತಿರುಗಿಸಿದ.

“ಭಾಳ ದಿನ ಬ್ಯಾಸರ ಇತ್ರಿ,” ಅಂದ. “ಅದಕ್ಕ ಸಾಲಿ ಬಿಟ್ಟೆ ಅಂತ ತಿಳಕೋಬ್ಯಾಡ್ರಿ. ಕುರಿ ಹೆಚ್ಚಾದವು, ಅಪ್ಪನ ಕಾಲ ನೆಟ್ಟಗಿರಲಿಲ್ಲ. ಖರೆ ಹೇಳಬೇಕಂದ್ರ, ಆ ನಸುಕಿನ್ಯಾಗ ಸಾಲಿಯೊಳಗ ನಾ ಒಬ್ಬನ ಇರತಿದ್ದೆ. ಕಡ್ಡಿ ನನಗ ಒಬ್ಬಂಗ ಹೇಳತಿತ್ತು. ಅದು ನೀವ ಕೊಟ್ಟದ್ರಿ.”

ಅವಳು ಸೆರಗಿನಿಂದ ಕನ್ನಡಕ ಒರೆಸಿಕೊಂಡಳು. ಅವನು ಅಷ್ಟಕ್ಕೆ ಬಿಡದೆ ಹೊಳೆಯ ಕಡೆ ಕೈ ತೋರಿಸಿ, ಒಂದ ಮಾತ ಅಂದ. ಇಲ್ಲಿ ಇಷ್ಟು ನೀರು ನಿಂತಿದೆ, ಕಬ್ಬು ಬಂದಿದೆ, ನೀರಿನ ಹತ್ತಿರ ರಾತ್ರಿ ಬೆಚ್ಚಗಿರುವುದಕ್ಕೆ ಅದೂ ಕಾರಣ ಇರಬಹುದು, ಎಲ್ಲವನ್ನೂ ಹೊಗೆಯ ಮೇಲೆ ಹಾಕಿ ಬರೆದರೆ ಮತ್ತೆ ತಪ್ಪಾಗುತ್ತದೆ. ಆದರೆ ನೀರಾವರಿ ಇಲ್ಲದ ಮೇಲಿನ ಮಡ್ಡಿಯಲ್ಲಿ, ಹೊಳೆಯಿಂದ ಒಂದು ದಿನದ ನಡಿಗೆಯಷ್ಟು ದೂರ, ಅಲ್ಲಿಯೂ ಶಿವರಾತ್ರಿಗೆ ಕಂಬಳಿ ಮಡಚುತ್ತೇವೆ. ಅದನ್ನೂ ಬರೆಯಿರಿ, ಇದನ್ನೂ ಬರೆಯಿರಿ. ಕಸ್ತೂರೆವ್ವ ಅವನ ಮುಖವನ್ನೇ ನೋಡಿದಳು. ಹನ್ನೆರಡು ವರ್ಷದ ಮೇಲೆ ಗೆಲುವು ನಡೆದುಕೊಂಡು ಬಂದು ಮುಂದೆ ಕೂತಾಗ ಅದರ ಒಂದು ಪಾಲನ್ನು ಹೊಳೆಗೆ ಬಿಟ್ಟುಕೊಡುತ್ತಿದ್ದಾನೆ. ಇಪ್ಪತ್ತೆರಡು ವರ್ಷ ಎಣಿಸಿದ ತನಗೆ ಈ ಒಂದು ಮಾತು ಹೊಳೆದಿರಲಿಲ್ಲ. ಎರಡು ರಾತ್ರಿ ಅವಳು ಹೆದರಿದ್ದು ಭಾನುವಾರದ ಸಭೆಗೆ, ನಗುವವರಿಗೆ, ಅಕ್ಕೋರಿಗೆ ಅರಳುಮರಳು ಎಂದು ಅನ್ನುವವರಿಗೆ. ಈಗ ಆ ಸಭೆ ಬಹಳ ದೂರ ಇತ್ತು, ಹಿನ್ನೀರಿನ ಆಚೆ ದಂಡೆಯ ಗಿಡಗಳ ಹಾಗೆ ಸಣ್ಣದಾಗಿ, ಬಿಸಿಲಿನಲ್ಲಿ ನಡುಗುತ್ತ.

ಪೆನ್ನು ತೆಗೆದಳು. ರಕ್ಷಾಪುಟದ ‘ಸೂರ್ಯನೇ ಕಾರಣ’ ಎಂಬುದರ ಮೇಲೆ ಗೆರೆ ಎಳೆಯುವಾಗ ಕೈ ಒಂದು ಕ್ಷಣ ನಿಂತಿತು, ಹಳದಿ ಬಹಳ ಚೆನ್ನಾಗಿ ಬಂದಿತ್ತು. ಎಳೆದಳು. ‘ಹಗಲು ಮತ್ತು ರಾತ್ರಿ’ ಎಂದು ಬರೆದಳು. ಕೊನೆಯ ಅಧ್ಯಾಯವನ್ನು ಪೂರ್ತಿ ಹೊಡೆದುಹಾಕಿ ಅದರ ಹಿಂದಿನ ಖಾಲಿ ಮಗ್ಗುಲಿನಲ್ಲಿ, ಚೀಲವನ್ನೇ ಮಣೆ ಮಾಡಿಕೊಂಡು ಬರೆಯತೊಡಗಿದಳು. ‘ನಾನು ಇಪ್ಪತ್ತೆರಡು ವರ್ಷ ಹಗಲನ್ನಷ್ಟೇ ನೋಡಿದೆ. ಸೂರ್ಯನ ಕಲೆಗಳು ಮಾಯವಾದ ವರ್ಷಗಳಲ್ಲಿಯೂ ನಮ್ಮ ರಾತ್ರಿಗಳು ತಣಿಯಲಿಲ್ಲ. ಒಂದು ಶಾಲೆಯ ಒಂದು ಉಷ್ಣಮಾಪಕ ಭೂಮಿಯ ಮಾತು ಹೇಳಲಾರದು, ನಮ್ಮ ಸುತ್ತ ನೀರೂ ಬಂದಿದೆ. ಆದರೂ ಲೋಕದ ಬೇರೆ ಬೇರೆ ಕಡೆ ಅಳೆದವರು ಹೇಳುವುದೂ ಇದನ್ನೇ, ಬಿಸಿಯನ್ನು ಹಿಡಿದಿಡುವ ಹೊದಿಕೆಯನ್ನು ನಾವೇ ದಪ್ಪ ಮಾಡುತ್ತಿದ್ದೇವೆ. ನಾನು ಹಿಂದೆ ಬರೆದದ್ದು ತಪ್ಪು.’ ತಪ್ಪು ಎಂಬ ಅಕ್ಷರ ಬರೆದ ಮೇಲೆ ಭುಜ ಹಗುರಾಯಿತು, ನೀರಿನ ಕೊಡ ಇಳಿಸಿದಂತೆ. ಕೆಳಗೆ, ರಾತ್ರಿಯ ಸಾಲನ್ನು ಅಳೆದವರು ಎಂದು ಬರೆದು ಧರೆಪ್ಪನ ಪೂರ್ತಿ ಹೆಸರು ಕೇಳಿದಳು.

“ಮೊದಲ ಕಾಕಾಂದ ಹಾಕ್ರಿ,” ಅಂದ ಅವನು. “ನಂದ ಒಂಬತ್ತ ತಿಂಗಳ. ಅವಂದ ಹತ್ತ ವರ್ಷ.” ಆಮೇಲೆ, “ನನ್ನ ಹೆಸರಿನ ಮುಂದ ಕಂಬಳಿ ಅಂತ ಹಾಕಬ್ಯಾಡ್ರಿ ಮತ್ತ. ಮಹಾಲಿಂಗ್ಯಾ ಇನ್ನೂ ಹಂಗ ಕರೀತಾನ, ಅಚ್ಚ ಹಾಕೇ ಬಿಡತಾನ ಮಗ.”

ತಂಗೆವ್ವ ಬಾಯಿಗೆ ಸೆರಗು ಹಿಡಿದು ನಕ್ಕಳು. ಕಸ್ತೂರೆವ್ವನೂ ನಕ್ಕಳು. ಗಿರಿಮಲ್ಲಪ್ಪನ ಹೆಸರು ಬರೆಯುವಾಗ ಅವನ ಮನೆತನದ ಅಡ್ಡಹೆಸರು ತನಗೆ ಗೊತ್ತಿಲ್ಲವೆಂಬುದು ತಿಳಿಯಿತು, ಧರೆಪ್ಪ ಹೇಳಿದ, ಅವಳು ಬರೆದುಕೊಂಡಳು, ಪೆನ್ನನ್ನು ಗಟ್ಟಿಯಾಗಿ ಒತ್ತಿ.

ಮಧ್ಯಾಹ್ನದ ಬಸ್ಸಿಗೆ ಇನ್ನೂ ಹೊತ್ತಿತ್ತು. ಅವಳನ್ನು ರಸ್ತೆಯ ತನಕ ಮುಟ್ಟಿಸಿ ಬರುತ್ತೇನೆಂದು ಅವನು ಮಂದೆಯನ್ನು ನೆರಳಿನ ಕಡೆ ಹೊರಳಿಸಲು ಎದ್ದು ಹೋದ. ಕುರಿಗಳು ಒಂದರ ಹೊಟ್ಟೆಯ ಕೆಳಗೆ ಇನ್ನೊಂದು ತಲೆ ಇಟ್ಟು ನಿಂತಿದ್ದವು, ತಮ್ಮ ತಮ್ಮ ನೆರಳನ್ನು ಒಂದಕ್ಕೊಂದು ಕೊಡುತ್ತ. ಕಸ್ತೂರೆವ್ವ ಕಾಗದಗಳನ್ನು ಜೋಡಿಸಿ ಚೀಲಕ್ಕೆ ಹಾಕಿದಳು. ಇಷ್ಟು ಹೊತ್ತು ಹಸಿವೆಯ ನೆನಪೇ ಆಗಿರಲಿಲ್ಲ. ಹಿಂದೆ ಬುತ್ತಿಯ ಗಂಟು ಬಿಚ್ಚುವ ಸದ್ದಾಯಿತು. ಅರಿವೆಯಲ್ಲಿ ನಾಲ್ಕು ರೊಟ್ಟಿ ಇದ್ದವು, ಗಂಡ ಹೆಂಡತಿಗೆ ಎರಡೆರಡು, ಅವಳು ನೋಡಬಾರದೆಂದುಕೊಂಡರೂ ನೋಡಿದಳು. ತಂಗೆವ್ವ ಒಂದನ್ನು ತೆಗೆದು, ಅದರ ಮೇಲೆ ಪುಂಡಿಪಲ್ಯ, ಪಲ್ಯದ ಪಕ್ಕ ಒಂದಿಷ್ಟು ಶೇಂಗಾ ಹಿಂಡಿ ಇಟ್ಟಳು. ಇನ್ನೊಂದನ್ನು ತೆಗೆದು ಅದರ ಅಡಿಗೆ ಸೇರಿಸಿದಳು, ಅಂಗೈಗೆ ಬಿಸಿ ತಾಗುತ್ತದೆಯೇ ಎಂದು ರೊಟ್ಟಿಯನ್ನು ಒಮ್ಮೆ ತನ್ನ ಕೆನ್ನೆಗೆ ಮುಟ್ಟಿಸಿ ನೋಡಿ, ಅಕ್ಕೋರ ಕೈಗೆ ಕೊಟ್ಟಳು.